ಮನೆಯಲ್ಲಿ ಯಾರೂ ಇಲ್ಲ

ಕಬ್ಬಿನ ಹಂಗಾಮು ನಡೆದಿರುವಷ್ಟು ದಿನ ಅಭಿನಂದನನ ಮಾತಿಗೆ ಬಿಸಿಯೇರುವ ರಸವೂ ತಲೆಬಾಗುತ್ತಿತ್ತು. ಸಕ್ಕರೆ ಕಾರ್ಖಾನೆಯ ಚೀಫ್ ಕೆಮಿಸ್ಟ್ ಎಪ್ಪತ್ತೆರಡು ಡಿಗ್ರಿ ಎಂದರೆ ಎಪ್ಪತ್ತೆರಡೇ. ಎಪ್ಪತ್ತೆರಡೂವರೆಗೆ ಏರಿದರೆ ಪಾಳಿಯಲ್ಲಿದ್ದವನು ಕಾರಣ ಬರೆದುಕೊಡಬೇಕು. ಇಂಥ ಮನುಷ್ಯ ಸಂಜೆ ಅಥಣಿಯ ತನ್ನ ಮನೆಗೆ ಬಂದು ಚಪ್ಪಲಿ ಕಳಚಿದನೆಂದರೆ, ನಡುಮನೆಯ ಎಸಿಯನ್ನು ಒಂದೇ ಒಂದು ಡಿಗ್ರಿ ಇಳಿಸುವ ಅಧಿಕಾರವೂ ಅವನಿಗಿರಲಿಲ್ಲ.

ರಿಮೋಟು ಅವನ ಹೆಂಡತಿ ಉಜ್ವಲಾಳ ಸ್ವಾಧೀನದಲ್ಲಿತ್ತು. ಹಗಲಿನಲ್ಲಿ ಅದು ಅವಳ ಕೈಯಳತೆಯಲ್ಲಿ, ರಾತ್ರಿ ದಿಂಬಿನ ಕೆಳಗೆ, ಒಮ್ಮೊಮ್ಮೆ ರೊಟ್ಟಿಯ ಬುಟ್ಟಿಯೊಳಗೆ ವಾಸಿಸುತ್ತಿತ್ತು. (ರೊಟ್ಟಿಯ ಬುಟ್ಟಿಯಲ್ಲಿರುವುದನ್ನು ಅವನು ಪತ್ತೆ ಹಚ್ಚಿದ್ದು ಬುದ್ಧಿಯಿಂದಲ್ಲ, ಹಸಿವಿನಿಂದ.) ಅವಳ ಮತ ಇಪ್ಪತ್ತೆಂಟು, ಅವನ ಮತ ಇಪ್ಪತ್ತನಾಲ್ಕು. ನಡುವಿನ ಇಪ್ಪತ್ತಾರಕ್ಕೆ ಇಬ್ಬರೂ ಒಪ್ಪಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ, ಕೇಳಿದವರಿಗೆ ಇನ್ನೂ ಮದುವೆಯಾಗಿಲ್ಲವೆಂದು ತಿಳಿಯಬೇಕು.

"ಇಪ್ಪತ್ನಾಕ್ ಅಂದ್ರ ಮನಶ್ಯಾನ ಮೈಗೆ ಬರೋಬರ ಹೊಂದೂ ಅಂಕಿ. ಶಾಸ್ತ್ರಾ ಹೇಳತೈತಿ," ಎಂದು ಅವನು ಒಂದು ದಿನ ವಾದ ಹೂಡಿದ.

"ಇಪ್ಪತ್ನಾಕ ಮಂದಿ ತೀರ್ಥಂಕರರು ಅದಾರ, ಅಷ್ಟ ನನಗ ಗೊತ್ತ. ಎಸಿ ಮಾತ ಆ ಶಾಸ್ತ್ರದಾಗ ಎಲ್ಲೂ ಬಂದಿಲ್ಲ."

"ಹಂಗಾರ ಅವರ ಹೆಸರಮ್ಯಾಲೆರ ಇಪ್ಪತ್ನಾಕ್ ಇಡು."

"ಅವರೆಲ್ಲಾ ಬಿಸಲಾಗ ನಿಂತ ತಪಾ ಮಾಡಿದಾರ್ರಿ. ಅದನ್ನರ ಒಂದೀಟ ಕಲೀರಿ."

ಅವನ ತಾಯಿ ಲಕ್ಷ್ಮಿಬಾಯಿಗೆ ಎಪ್ಪತ್ತಾರು ವರ್ಷ. ಅವರಿಗೆ ಅಂಕೆಗಳ ಗೊಡವೆಯಿರಲಿಲ್ಲ; ಮಧ್ಯಾಹ್ನ ಎರಡೂವರೆಗೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಸಾಮಾಯಿಕವೆಂಬ ಧ್ಯಾನಕ್ಕೆ ಕುಳಿತರೆ ಎರಡು ಘಳಿಗೆ, ಅಂದರೆ ನಲವತ್ತೆಂಟು ನಿಮಿಷ, ಅವರಿಗೆ ಲೋಕವೇ ಇರುತ್ತಿರಲಿಲ್ಲ. ಮಾತಿಲ್ಲ, ಫೋನಿಲ್ಲ, ಅಲುಗಾಟವಿಲ್ಲ. ಜಪಮಾಲೆಯ ಮೇಲೆ ಹೆಬ್ಬೆರಳೊಂದು ಮಾತ್ರ ಸಾಗುತ್ತಿತ್ತು. ನಡುಮನೆಗೆ ಎಸಿ ಬಂದಂದಿನಿಂದ ಉಜ್ವಲಾಳಲ್ಲಿಯೂ ಧರ್ಮಶ್ರದ್ಧೆ ಹೆಚ್ಚಿ, ಅವಳೂ ಅತ್ತೆಯ ಪಕ್ಕದಲ್ಲಿ ಚಾಪೆ ಹಾಸತೊಡಗಿದ್ದಳು.

ಹೀಗಿರುವಾಗ ಅಭಿನಂದನನಿಗೆ ವೈರ್‌ಲೆಸ್ ಸ್ಮಾರ್ಟ್ ಥರ್ಮೋಸ್ಟ್ಯಾಟ್ ಎಂಬ ಉಪಾಯ ಹೊಳೆಯಿತು. ಅಂಗೈಯಗಲದ ಬಿಳಿಯ ಗುಂಡು ಡಬ್ಬಿ. ಅದನ್ನು ಎಲ್ಲಿ ಬೇಕಾದರೂ ಇಡಬಹುದು, ತಂತಿಯ ಹಂಗಿಲ್ಲ. ಅಲ್ಲಿಂದಲೇ ಎಸಿಗೆ ಆಜ್ಞೆ ಮಾಡುತ್ತದೆ. ಎಂಟು ದಿವಸ ಅದು ಮನೆಯವರನ್ನು ಅಭ್ಯಾಸ ಮಾಡುತ್ತದೆ: ಇಪ್ಪತ್ತಮೂರರಿಂದ ಇಪ್ಪತ್ತೊಂಬತ್ತರವರೆಗೆ ತಾನೇ ಏರಿಸಿ ಇಳಿಸಿ, ಯಾವಾಗ ಯಾರು ಹೇಗಿರುತ್ತಾರೆಂದು ಗಮನಿಸಿ, ಒಂಬತ್ತನೆಯ ಬೆಳಿಗ್ಗೆ ಆ ಮನೆಗೆ ಹೊಂದುವ ಒಂದೇ ಒಂದು ಅಂಕೆಯನ್ನು ತೋರಿಸುತ್ತದೆ. ಯಂತ್ರಕ್ಕೆ ಹೆಂಡತಿಯಿಲ್ಲ, ಆದ್ದರಿಂದ ಪಕ್ಷಪಾತವಿಲ್ಲ. ಅದು ಇಪ್ಪತ್ತನಾಲ್ಕು ಎಂದೇ ಹೇಳೀತು ಎನ್ನುವುದರಲ್ಲಿ ಅವನಿಗೆ ಸಂದೇಹವಿರಲಿಲ್ಲ. ಅವನು ವಿಜ್ಞಾನದ ಮನುಷ್ಯ. ಅದೂ ವಿಜ್ಞಾನದ ಕೂಸು.

ಡಬ್ಬಿ ಬಂದದ್ದು ಏಪ್ರಿಲ್ ತಿಂಗಳ ಒಂದು ಶನಿವಾರ. ಎಲೆಕ್ಟ್ರಿಶಿಯನ್ ಭೀಮಸಿಯನ್ನು ಕರೆಸೋಣವೆಂದು ಉಜ್ವಲಾ ಹೇಳಿದಳು. ಅಭಿನಂದನ ಕನ್ನಡಕ ಒರೆಸಿಕೊಂಡ. ಭಾನುವಾರ ಬೆಳಿಗ್ಗೆ ಹಳೆಯ ಪತ್ರಿಕೆ ಹಾಸಿ, ಸ್ಕ್ರೂಗಳನ್ನು ಬಸಿಯಲ್ಲಿ ಎಣಿಸಿಟ್ಟು, ಅರವತ್ತು ಪುಟಗಳ ಕೈಪಿಡಿಯನ್ನು ಅಡಿಗೆರೆ ಎಳೆಯುತ್ತ ಓದಿ ಮುಗಿಸಿ, ಮೇನ್ ಸ್ವಿಚ್ ಬಂದ್ ಮಾಡಿ ಸ್ಟೂಲ್ ಹತ್ತಿದ. ಎಸಿಯ ಮಗ್ಗುಲಲ್ಲಿ ಆಜ್ಞೆ ಸ್ವೀಕರಿಸುವ ಪುಟ್ಟ ಪೆಟ್ಟಿಗೆಯನ್ನು ಕೂರಿಸಿದ. ಒಂದೂ ಸ್ಕ್ರೂ ಉಳಿಯಲಿಲ್ಲ. ಇದನ್ನು ಅವನು ಎಲ್ಲರಿಗೂ ತೋರಿಸಿದ.

"ಇದ್ರಾಗ ಜೀವಹಿಂಸಾ ಏನಾರ ಐತೇನೋ ಅಭಿ?" ಎಂದು ಲಕ್ಷ್ಮಿಬಾಯಿ ವಿಚಾರಿಸಿದರು.

"ಇಲ್ಲ ಆಯಿ. ಬ್ಯಾಟರಿ ಐತಿ."

ತೊಡಕು ಬಂದದ್ದು ಡಬ್ಬಿಗೂ ಪೆಟ್ಟಿಗೆಗೂ ನೆಂಟಸ್ತಿಕೆ ಕುದುರಿಸುವಾಗ. ಗುಂಡಿಯನ್ನು ಏಳು ಸೆಕೆಂಡು ಒತ್ತಿ ಹಿಡಿದರೆ ನೀಲಿ ದೀಪ ಬರಬೇಕು. ಅವನು ಕೈಗಡಿಯಾರ ನೋಡಿ ಏಳು ಎಣಿಸಿ ಬಿಟ್ಟ, ದೀಪ ಕೆಂಪಾಯಿತು. ಏಳೂವರೆಗೆ ಬಿಟ್ಟ, ಕೆಂಪು. ಆರೂ ಮುಕ್ಕಾಲಕ್ಕೆ ಬಿಟ್ಟ, ದೀಪವೇ ಆರಿತು. ಒಂಬತ್ತು ಪ್ರಯೋಗಗಳನ್ನು ಅವನು ಕೈಪಿಡಿಯ ಹಿಂದಿನ ಹಾಳೆಯಲ್ಲಿ ಕೋಷ್ಟಕ ಮಾಡಿ ಬರೆದಿಟ್ಟ.

"ಒಂದ ಸಲ ಣಮೋಕಾರ ಹೇಳಿ ಬಿಡಪಾ," ಎಂದರು ಲಕ್ಷ್ಮಿಬಾಯಿ.

"ಆಯಿ, ಇದು ಎಲೆಕ್ಟ್ರಾನಿಕ್ ಐತಿ."

"ಇರಲಿ. ಅದೇನ ಬ್ಯಾಡ ಅನ್ನತೈತೇನ?"

ಅವರೇ ಗುಂಡಿಯ ಮೇಲೆ ಬೆರಳಿಟ್ಟು, ಮಂತ್ರವನ್ನು ಅವಸರವಿಲ್ಲದೆ ಹೇಳಿ ಮುಗಿಸಿ ಕೈ ತೆಗೆದರು. ನೀಲಿ ದೀಪ ಬಂತು. ಅಭಿನಂದನ ಗಡಿಯಾರ ನೋಡುವುದನ್ನು ಮರೆತಿದ್ದನಾದ್ದರಿಂದ ಆ ಅವಧಿ ಇಂದಿಗೂ ವಿಜ್ಞಾನಕ್ಕೆ ತಿಳಿಯದು.

ಡಬ್ಬಿಯನ್ನು ಗೋಡೆಯ ಗೂಡಿನಲ್ಲಿ ಇಟ್ಟು ಅವನು ಒಪ್ಪಂದದ ಮಾತೆತ್ತಿದ. ಎಂಟು ದಿವಸ ಯಾರೂ ರಿಮೋಟು ಮುಟ್ಟಕೂಡದು. ನಡುವೆ ಡಬ್ಬಿಯ ಯಾವ ಸೆಟ್ಟಿಂಗನ್ನೂ ಬದಲಿಸಕೂಡದು. ಬದಲಿಸಿದರೆ ಅದು ಕಲಿತದ್ದನ್ನೆಲ್ಲ ಮರೆತು ಮೊದಲಿನಿಂದ ಎಂಟು ದಿವಸ ಕಲಿಯುತ್ತದೆ. ಕೊನೆಗೆ ಅದು ತೋರಿಸುವ ಅಂಕೆಯೇ ಮಳೆಗಾಲ ಬರುವವರೆಗೆ ನಡೆಯಬೇಕು.

"ಆಮ್ಯಾಲ ತಕರಾರ ತಗೀಬಾರ್ದ ನೋಡ್ರಿ," ಎಂದಳು ಉಜ್ವಲಾ.

"ನಾ ಯಾಕ ತಗೀಲಿ?"

"ಆಯಿ, ಕೇಳಿದ್ರಿಲ್ಲ?"

"ಕೇಳೇನವಾ," ಎಂದರು ಲಕ್ಷ್ಮಿಬಾಯಿ. ಅವರು ಕೇಳಿದ್ದಾರೆಂದರೆ ಮನೆಯಲ್ಲಿ ಅದು ನೋಂದಣಿಯಾದಂತೆಯೇ. ಉಜ್ವಲಾ ರಿಮೋಟನ್ನು ತಂದು ಗಂಡನ ಅಂಗೈಯಲ್ಲಿಟ್ಟಳು. ಇಷ್ಟು ವರ್ಷಗಳ ಸಂಸಾರದಲ್ಲಿ ಇಷ್ಟು ಸುಲಭವಾಗಿ ಏನನ್ನೂ ಗೆದ್ದಿರದ ಅವನಿಗೆ ಅಲ್ಲಿಯೇ ಅನುಮಾನ ಬರಬೇಕಾಗಿತ್ತು.

ಸೋಮವಾರ ಮಧ್ಯಾಹ್ನ ಅವನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಖಾಲಿ ಸೀಸೆಗಳನ್ನು ನೋಡುತ್ತ ಕುಳಿತಿದ್ದ. ಹಂಗಾಮು ಮುಗಿದ ಕಾರ್ಖಾನೆಯಲ್ಲಿ ನೋಡಲು ಬೇರೇನೂ ಇರುವುದಿಲ್ಲ. ಎರಡು ಐವತ್ತಕ್ಕೆ ಫೋನು ಟಿಣ್ಣೆಂದಿತು. ಡಬ್ಬಿ ಸಂದೇಶ ಕಳಿಸಿತ್ತು: "ಮನೆಯಲ್ಲಿ ಯಾರೂ ಇಲ್ಲ. ಎಸಿ ನಿಲ್ಲಿಸಲಾಗಿದೆ. ವಿದ್ಯುತ್ ಉಳಿಸಿದ್ದಕ್ಕೆ ಶುಭಾಶಯಗಳು."

ಅವನು ಎರಡು ಸಲ ಓದಿದ. ಮನೆಯಲ್ಲಿ ಯಾರೂ ಇಲ್ಲ. ಬೆಳಿಗ್ಗೆ ಇಬ್ಬರಿದ್ದರು. ಮೂವತ್ತೊಂಬತ್ತು ಡಿಗ್ರಿ ಬಿಸಿಲಿನಲ್ಲಿ ಎಪ್ಪತ್ತಾರರ ಮುದುಕಿಯನ್ನು ಕರೆದುಕೊಂಡು ಉಜ್ವಲಾ ಎಲ್ಲಿಗೆ ಹೋದಾಳು? ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ತಾಯಿಯ ಫೋನಿಗೆ ಮಾಡಿದ. ಅದೂ ಅಷ್ಟೇ. ಅವನ ಮನಸ್ಸು ಮಿರಜದ ಎಲ್ಲ ಆಸ್ಪತ್ರೆಗಳ ಬಾಗಿಲಿಗೂ ಒಂದು ಸುತ್ತು ಹೋಗಿಬಂತು.

"ಏನಾತ್ರಿ ಸಾಹೇಬ್ರ?" ಎಂದ ಪ್ರಯೋಗಾಲಯದ ಸಹಾಯಕ ಗಂಗಾರಾಮ.

"ಮನ್ಯಾಗ ಯಾರೂ ಇಲ್ಲಂತ."

"ಯಾರ್ ಹೇಳಿದ್ರರಿ?"

"ಮನಿನ ಹೇಳೈತಿ."

ಗಂಗಾರಾಮ ನೀರಿನ ಬಾಟಲಿಯನ್ನು ಅವನ ಮುಂದಿಟ್ಟು, "ನೀವ ಮದಲ ನೀರ ಕುಡೀರಿ," ಎಂದ.

ಹದಿನೇಳು ನಿಮಿಷದಲ್ಲಿ ಅವನ ಬೈಕು ಮನೆಯ ಮುಂದಿತ್ತು. ಮುಂಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದ, ಕೂಗಿದ, ಉತ್ತರವಿಲ್ಲ. ಒಳಗಿನಿಂದ ಚಿಲಕ ಹಾಕಿಕೊಂಡು ಹೊರಗೆ ಹೋಗುವುದು ಹೇಗೆ ಎಂದು ಯೋಚಿಸುವ ಸ್ಥಿತಿ ಅವನದಾಗಿರಲಿಲ್ಲ. ಹಿತ್ತಲಿಗೆ ಹೋಗಿ ಗೋಡೆ ಹತ್ತಿದ. ಪ್ಯಾಂಟು ಹರಿದ ಸದ್ದು ಓಣಿಗೆಲ್ಲ ಕೇಳುವಷ್ಟಿತ್ತು.

"ಯಾಕ್ರಿ ಅಣ್ಣಾರ, ನಿಮ್ಮ ಮನಿಗಿ ನೀವ ಗ್ವಾಡಿ ಹಾರಾಕತ್ತೀರಿ?" ಎಂದು ನೆರೆಮನೆಯ ಸುಜಾತಾ ಮಾಳಿಗೆಯ ಮೇಲಿಂದ ಕೇಳಿದಳು.

"ಕೀಲಿ ಮರ್ತೇನ್ರಿ," ಎಂದು ಅವನು ಅರ್ಧ ಈಚೆ ಅರ್ಧ ಆಚೆ ಇದ್ದಲ್ಲಿಂದಲೇ ಗಂಭೀರವಾಗಿ ಉತ್ತರಿಸಿದ.

ಹಿಂಬಾಗಿಲಿನಿಂದ ನಡುಮನೆಗೆ ನುಗ್ಗಿ ನೋಡುತ್ತಾನೆ: ಅತ್ತೆ ಸೊಸೆ ಇಬ್ಬರೂ ಚಾಪೆಯ ಮೇಲೆ ಕಡೆದಿಟ್ಟ ಮೂರ್ತಿಗಳಂತೆ ಕುಳಿತಿದ್ದಾರೆ. ಕಿಟಕಿಗಳು ಮುಚ್ಚಿವೆ, ಎಸಿ ನಿಂತಿದೆ. ಇಬ್ಬರ ಮುಖದಿಂದಲೂ ಬೆವರು ಧಾರೆಗಟ್ಟಿ ಇಳಿಯುತ್ತಿದೆ. ಇಪ್ಪತ್ತು ನಿಮಿಷ ಯಾವ ಅಲುಗಾಟವನ್ನೂ ಕಾಣದ ಡಬ್ಬಿ ಮನೆ ಖಾಲಿಯೆಂದು ತೀರ್ಮಾನಿಸಿತ್ತು. ಹೆಬ್ಬೆರಳನ್ನು ಅದು ಜನಸಂಖ್ಯೆಯಲ್ಲಿ ಸೇರಿಸಿಕೊಳ್ಳುವುದಿಲ್ಲ.

ಅವನು ಕಾಲಿಟ್ಟದ್ದೇ ತಡ, ಡಬ್ಬಿ ಹಸಿರಾಗಿ, "ಮನೆಗೆ ಸ್ವಾಗತ," ಎಂದು ಮಧುರವಾಗಿ ನುಡಿಯಿತು. ಎಸಿ ಚಾಲೂ ಆಯಿತು. ಉಜ್ವಲಾಳ ಒಂದು ಕಣ್ಣು ಅರ್ಧ ತೆರೆಯಿತು.

ಸಾಮಾಯಿಕ ಮುಗಿಯಲು ಇನ್ನೂ ಆರು ನಿಮಿಷವಿತ್ತು. ಆ ಆರು ನಿಮಿಷ ಅಭಿನಂದನ ಹರಿದ ಪ್ಯಾಂಟಿನ ಮೇಲೆ ಕೈಯಿಟ್ಟುಕೊಂಡು, ಬರಲಿರುವ ತೀರ್ಪನ್ನು ಕಾಯುತ್ತ ನಿಂತ. ಆ ಅರ್ಧ ತೆರೆದ ಕಣ್ಣು ಅವನ ಮೇಲಿಂದ ಕದಲಲಿಲ್ಲ.

"ನೀವಿದ್ದಾಗಷ್ಟ ನಡಿಯೂವಂಗ ಮಾಡೀರೇನ್ರಿ ಇದನ್ನ?" ಇದು ಉಜ್ವಲಾಳ ಮೊದಲ ಮಾತು.

"ಹಂಗಲ್ಲ, ಅದಕ್ಕ ನೀವ ಕಾಣಲಿಲ್ಲ."

"ನಾವಿಬ್ಬರೂ ಅದರ ಮುಂದ ಕುಂತೇವಿ. ಕಾಣಲಿಲ್ಲಂತ. ನೀವು ಬಂದಕೂಡ್ಲೆ ಸ್ವಾಗತ ಮಾಡತೈತಿ. ಎಷ್ಟ ಬರೋಬರ ಕಲ್ಸೀರಿ."

"ಲೇ ಅಭ್ಯಾ," ಎಂದರು ಲಕ್ಷ್ಮಿಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, "ನಾ ಇನ್ನೂ ಅದೇನಿ ಅಂತ ಅದಕ್ಕ ತಿಳಿಸಿ ಹೇಳು."

ತಿಳಿಸಿ ಹೇಳಬಹುದಾಗಿತ್ತು. ಕೈಪಿಡಿಯ ಮೂವತ್ತೊಂದನೆಯ ಪುಟದಲ್ಲಿ ಅದಕ್ಕೊಂದು ಸೆಟ್ಟಿಂಗೂ ಇತ್ತು. ಆದರೆ ಮುಟ್ಟಿದರೆ ಕಲಿಕೆ ಮೊದಲಿನಿಂದ, ಮತ್ತು ಒಪ್ಪಂದ ಮುರಿದವನು ತಾನು. ಇಪ್ಪತ್ತನಾಲ್ಕು ಕೈತಪ್ಪುತ್ತದೆ. ಹೀಗಾಗಿ ಅವನು ಎಂಟು ದಿವಸದ ರಜೆ ಬರೆದುಕೊಟ್ಟು, ಮನೆಯಲ್ಲಿಯೇ ಕುಳಿತು ಉಪಾಯ ಹುಡುಕಿದ.

ಡಬ್ಬಿಗೆ ಬೇಕಾದದ್ದು ಅಲುಗಾಟ. ಮಂಗಳವಾರ ಅವನು ಫ್ಯಾನಿನ ಕೆಳಗೆ ಟವೆಲ್ಲು ತೂಗುಹಾಕಿದ. ಅದು ನಿಶಾನೆಯಂತೆ ಹಾರಾಡಿತು. ಡಬ್ಬಿ ಎಸಿ ನಿಲ್ಲಿಸಿತು. ಕೈಪಿಡಿ ನೋಡಿದರೆ, ಅಲುಗಾಡುವ ವಸ್ತು ಬೆಚ್ಚಗೂ ಇರಬೇಕಂತೆ. ಬುಧವಾರ ತೊಟ್ಟಿಲಿನ ಹಳೆಯ ಕೊಂಡಿಗೆ ಬಿಸಿನೀರಿನ ರಬ್ಬರ್ ಚೀಲ ಕಟ್ಟಿ ತೂಗಿಬಿಟ್ಟ. ಅದು ಮೊದಲ ಸುತ್ತಿನಲ್ಲಿಯೇ ಬಾಯಿ ಬಿಚ್ಚಿಕೊಂಡು ಚಾಪೆಗಳೆರಡಕ್ಕೂ ಸಮನಾಗಿ ನೀರು ಹಂಚಿತು. (ಸಾಮಾಯಿಕದಲ್ಲಿದ್ದ ಲಕ್ಷ್ಮಿಬಾಯಿ ಆಗಲೂ ಅಲುಗಲಿಲ್ಲ. ಉಜ್ವಲಾ ಅಲುಗಿದಳು, ಡಬ್ಬಿ ಅವಳನ್ನು ಸ್ವಾಗತಿಸಿತು.)

"ಬೆಚ್ಚಗಿರಬೇಕು, ಅಡ್ಡಾಡಬೇಕು. ಅಂದ್ರ ಜೀವ ಇರೂದ ಬೇಕಂತಾತು," ಎಂದು ಲಕ್ಷ್ಮಿಬಾಯಿ ಅಂದು ಸಂಜೆ ಸಮಸ್ಯೆಯನ್ನು ಬಿಡಿಸಿಟ್ಟರು.

"ಸುಜಾತಾನ ಬೆಕ್ಕ ತಂದ ಕಟ್ಟೂಣೇನ್ರಿ ಆಯಿ?"

"ಮೂಕ ಪ್ರಾಣಿನ ಕಟ್ಟಬಾರ್ದವಾ. ಪಾಪ ಬರತೈತಿ."

"ಹೌದ್ರಿ. ತನ್ನಷ್ಟಕ್ಕ ತಾ ಅಡ್ಡಾಡೂವಂಥಾದ್ದ ಬೇಕು."

"ಹೇಳಿದ್ದ ತಿಳೀಬೇಕು."

"ಮನ್ಯಾಗ ಖಾಲಿ ಇರಬೇಕು."

ಇಬ್ಬರೂ ಅಭಿನಂದನನತ್ತ ನೋಡಿದರು. ಅವನು ರಜೆಯ ಮೇಲಿದ್ದ.

ಗುರುವಾರ ಅವನು ಲೆಕ್ಕಾಚಾರದಿಂದಲೇ ಕೆಲಸಕ್ಕಿಳಿದ. ಹತ್ತೊಂಬತ್ತು ನಿಮಿಷಕ್ಕೊಮ್ಮೆ ಡಬ್ಬಿಯ ಮುಂದೆ ಹಾದುಹೋದರೆ ಸಾಕೆಂಬುದು ಅವನ ಅಂದಾಜು. ಆದರೆ ಡಬ್ಬಿ ಕಲಿಯುವ ಜಾತಿಯದು. ಈ ಮನುಷ್ಯ ಬರುತ್ತಾನೆ, ಹೋಗುತ್ತಾನೆ, ನಿಲ್ಲುವವನಲ್ಲ ಎಂದು ತಿಳಿದುಕೊಂಡು ಎರಡನೆಯ ಸಲಕ್ಕೇ ಎಸಿ ಆರಿಸಿತು. ಹಾಗಾಗಿ ಆ ಗೋಡೆಯಿಂದ ಈ ಗೋಡೆಗೆ ಒಂಬತ್ತು ಹೆಜ್ಜೆ, ಈ ಗೋಡೆಯಿಂದ ಆ ಗೋಡೆಗೆ ಒಂಬತ್ತು ಹೆಜ್ಜೆ, ನಲವತ್ತೆಂಟು ನಿಮಿಷ ನಿಲ್ಲದೆ ನಡೆಯುವುದೊಂದೇ ದಾರಿಯಾಯಿತು. ಹೆಂಗಸರಿಬ್ಬರೂ ತಂಪಾಗಿ ಕುಳಿತರು. ಎಸಿಯ ಗಾಳಿಯಲ್ಲಿದ್ದೂ ಬೆವರುತ್ತಿದ್ದವನು ಅವನೊಬ್ಬನೇ.

ಶುಕ್ರವಾರ ಅವನು ನಡುಮನೆಯ ನಟ್ಟನಡುವೆ ಇದ್ದಾಗ ರಾಯಬಾಗದಿಂದ ಮಾವ ಬಾಪುಸಾಹೇಬರು ಬಂದರು. ಮೊಣಕಾಲು ನೋವಿಗೆ ಔಷಧ ತೆಗೆದುಕೊಳ್ಳಲು ಹದಿನೈದು ದಿವಸಕ್ಕೆಂದು ಬಂದವರು. ಮಗಳೂ ಬೀಗಿತಿಯೂ ಕಣ್ಣು ಮುಚ್ಚಿ ಕುಳಿತಿರುವುದನ್ನೂ, ಅಳಿಯ ಬನಿಯನ್ನಿನಲ್ಲಿ, ಹೆಗಲಿಗೆ ಟವೆಲ್ಲು ಹಾಕಿಕೊಂಡು, ಗೂಡಿನಲ್ಲಿರುವ ಬಿಳಿಯ ವಸ್ತುವಿನ ಮುಂದೆ ಎಡೆಬಿಡದೆ ತಿರುಗುತ್ತಿರುವುದನ್ನೂ ಅವರು ಬಾಗಿಲಲ್ಲಿ ನಿಂತು ನೋಡಿದರು. ಟೊಪ್ಪಿಗೆ ತೆಗೆದು ಆ ಬಿಳಿಯ ವಸ್ತುವಿಗೆ ಕೈಮುಗಿದು, ಸದ್ದಿಲ್ಲದೆ ಕುರ್ಚಿಯಲ್ಲಿ ಕುಳಿತರು. ಸಾಮಾಯಿಕ ಮುಗಿದ ಮೇಲೆಯೇ ಬಾಯಿ ತೆರೆದದ್ದು.

"ಅಳಿಯಂದ್ರ, ಎಷ್ಟ ಪ್ರದಕ್ಷಿಣಿ ಹರಕಿ ಹೊತ್ತೀರಿ?"

"ಪ್ರದಕ್ಷಿಣಿ ಅಲ್ರಿ ಮಾವಾರ. ಎಸಿ ಚಾಲೂ ಇರಾಕ."

"ಹಂಗಂದ್ರ?"

ಅಭಿನಂದನ ಕುಡಿಯುವ ನೀರಿನ ತಂಬಿಗೆ ಹಿಡಿದುಕೊಂಡೇ ತಂತ್ರಜ್ಞಾನವನ್ನು ವಿವರಿಸಿದ. ಬಾಪುಸಾಹೇಬರು ನಡುವೆ ಬಾಯಿ ಹಾಕದೆ, ತಲೆದೂಗುತ್ತ ಕೇಳಿದರು.

"ತಿಳೀತು ಬಿಡ್ರಿ. ನಮ್ಮ ಕಾಲದಾಗ ಗಾಣಕ್ಕ ಎತ್ತ ಕಟ್ಟತಿದ್ರು. ಈಗ ಎಸಿಗಿ..." ಎಂದವರು, ಎಷ್ಟೆಂದರೂ ಅಳಿಯನೆಂಬ ಗೌರವಕ್ಕೆ ಅಲ್ಲಿಗೇ ನಿಲ್ಲಿಸಿದರು.

"ಮೂರ ದಿವಸ ಉಳದಾವ್ರಿ ಅಷ್ಟ. ಆಮ್ಯಾಲ ಅಂಕಿ ಬರತೈತಿ."

"ಬರಲಿ, ಬರಲಿ. ಸಾವಕಾಶ ಬರಲಿ. ಛಲೋ ಥಂಡಿ ಐತಿ," ಎಂದು ಬಾಪುಸಾಹೇಬರು ಕಾಲು ನೀಡಿದರು.

ಉಳಿದ ದಿನಗಳಲ್ಲಿ ಅವನು ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಕಾಲಿನ ಮೀನಖಂಡಗಳು ಕಲ್ಲಾದವು. ರಾತ್ರಿ ಎಲ್ಲರೂ ನಡುಮನೆಯಲ್ಲಿಯೇ ಮಲಗಿದಾಗಲೂ ಅವನ ಕಾಲುಗಳು ತಮ್ಮಷ್ಟಕ್ಕೆ ತಾವೇ ಒಂಬತ್ತು ಹೆಜ್ಜೆ ಹೋಗಿ ತಿರುಗುತ್ತಿದ್ದವು. ಆದರೂ ಮನಸ್ಸು ಹಗುರಾಗಿತ್ತು. ಮೇ, ಜೂನ್, ಎರಡು ತಿಂಗಳು ಇಪ್ಪತ್ತನಾಲ್ಕು, ಯಾರೂ ತಕರಾರು ತೆಗೆಯುವಂತಿಲ್ಲ, ತಾಯಿಯೇ ಸಾಕ್ಷಿ. ತೆಳ್ಳನೆಯ ರಗ್ಗೊಂದನ್ನು ತೊಳೆದು ಬಿಸಿಲಿಗೆ ಹಾಕಿ ಸಿದ್ಧವಾಗಿಟ್ಟುಕೊಂಡ.

ಒಂಬತ್ತನೆಯ ಬೆಳಿಗ್ಗೆ ಸ್ನಾನ ಮುಗಿಸಿ ನಾಲ್ವರೂ ಗೂಡಿನ ಮುಂದೆ ನೆರೆದರು. ಡಬ್ಬಿ ಸ್ವಲ್ಪ ಹೊತ್ತು ನೀಲಿಯಾಗಿ ಮಿನುಗಿತು. ಅಂಕೆ ಬಂತು.

ಇಪ್ಪತ್ತೆಂಟು.

ಉಜ್ವಲಾ ಅವನ ರಗ್ಗನ್ನು ಮಡಿಚಿ ಕಪಾಟಿಗಿಡಲು ಎತ್ತಿಕೊಂಡಳು.

"ಇದು ತಪ್ಪ ಓದೈತಿ," ಎಂದು ಅಭಿನಂದನ ಫೋನಿನಲ್ಲಿ ವಿವರ ತೆರೆದ. ಡಬ್ಬಿ ಅಲ್ಲಿ ಕಾರಣ ಬರೆದುಕೊಟ್ಟಿತ್ತು. ಇಪ್ಪತ್ತನಾಲ್ಕರಲ್ಲಿ ಮನೆಯ ನಿವಾಸಿಗಳು ಪದೇಪದೇ ಹೊರಳಾಡಿ ಹೊದಿಕೆ ಎಳೆದುಕೊಂಡಿದ್ದಾರೆ. ಇಪ್ಪತ್ತೆಂಟರಲ್ಲಿ ಅತ್ಯಂತ ಶಾಂತರಾಗಿದ್ದಾರೆ. ಇವರಲ್ಲದೆ, ಯಾವ ಉಷ್ಣತೆಯಲ್ಲಿಯೂ ಶಾಂತವಾಗದೆ ಒಂದೇ ಸಮನೆ ಚಲಿಸುತ್ತಿದ್ದ ಒಂದು ದೇಹ ಕಂಡುಬಂದಿದೆ. ಅದು ನಿವಾಸಿಯಲ್ಲವೆಂದು ಭಾವಿಸಿ ಲೆಕ್ಕದಿಂದ ಕೈಬಿಡಲಾಗಿದೆ.

ಎಲ್ಲ ಪ್ರಯೋಗಗಳಲ್ಲಿಯೂ ಒಂದೇ ಸಮನಾಗಿ ಬರುವ ದೋಷವನ್ನು ಕಳೆದುಬಿಡಬೇಕು ಎಂದು ಇಪ್ಪತ್ತು ವರ್ಷಗಳಿಂದ ಕಿರಿಯ ಕೆಮಿಸ್ಟರಿಗೆ ಪಾಠ ಹೇಳಿದವನು ಅವನೇ. ಡಬ್ಬಿ ಅವನನ್ನು ಕಳೆದುಬಿಟ್ಟಿತ್ತು.

"ಏನ ಬರದೈತ್ರಿ?" ಎಂದಳು ಉಜ್ವಲಾ.

"ತಾಂತ್ರಿಕ ಮಾತ. ನಿನಗ ತಿಳಿಯೂದಿಲ್ಲ."

"ಓದ್ರಲ್ಲಾ."

ಅವನು ಓದಲಿಲ್ಲ, ಬಾಪುಸಾಹೇಬರು ಕನ್ನಡಕ ಏರಿಸಿ ಹೆಗಲ ಮೇಲಿಂದ ಓದಿದರು, ಅದೂ ಗಟ್ಟಿಯಾಗಿ, 'ಒಂದು ದೇಹ' ಎಂಬಲ್ಲಿ ಎರಡು ಸಲ.

ಆಗ ಅಭಿನಂದನನ ಕಣ್ಣಿಗೆ ಪರದೆಯ ಕೆಳಗೆ ಬಿದ್ದಿದ್ದ ಇನ್ನೊಂದು ಗುಂಡಿ ಕಂಡಿತು: 'ತೃಪ್ತಿಯಿಲ್ಲವೇ? ಮತ್ತೊಮ್ಮೆ ಕಲಿಸಿ.' ಒತ್ತಿದರೆ ಇನ್ನೂ ಎಂಟು ದಿವಸ. ಈ ಸಲ ಅವನು ಮೂರ್ಖನಂತೆ ತಿರುಗಲಾರ. ತಾನೂ ಕುಳಿತುಬಿಡುವುದು. ಇಪ್ಪತ್ತನಾಲ್ಕು ಬಂದಾಗಲೆಲ್ಲ ಅವನಷ್ಟು ಶಾಂತ ಮನುಷ್ಯ ಬೆಳಗಾವಿ ಜಿಲ್ಲೆಯಲ್ಲಿಯೇ ಇರಕೂಡದು. ಇಪ್ಪತ್ತೆಂಟು ಬಂದಾಗ ಹೊರಳಾಡುವುದು. ತಕರಾರು ತೆಗೆದಂತಾಗುತ್ತದಲ್ಲವೇ ಎಂಬ ಶಂಕೆ ಹುಟ್ಟಿತು. ಯಂತ್ರವೇ ಕೇಳುತ್ತಿದೆಯಲ್ಲ ಎಂಬ ಸಮಾಧಾನವೂ ಅದರ ಬೆನ್ನಿಗೇ ಹುಟ್ಟಿತು. ಯಾರೂ ಬಾಯಿ ತೆರೆಯುವ ಮೊದಲೇ ಒತ್ತಿದ.

"ಮತ್ತ ಎಂಟ ದಿನಾ?" ಎಂದಳು ಉಜ್ವಲಾ.

"ಪ್ರಯೋಗ ಅಂದ್ರ ಎರಡ ಸಲ ಮಾಡಬೇಕು."

"ಮಾಡ್ರಿ. ನಂದೇನ ಹೋಗತೈತಿ."

ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ ಅವನು ಕೈಕಾಲು ತೊಳೆದು, ಶುಭ್ರವಾದ ಧೋತರ ಉಟ್ಟು, ತಾಯಿಯ ಚಾಪೆಯ ಪಕ್ಕದಲ್ಲಿ ತನ್ನದೊಂದು ಚಾಪೆ ಹಾಸಿದ. ಬೆನ್ನು ನೆಟ್ಟಗೆ ಮಾಡಿ ಪದ್ಮಾಸನದಲ್ಲಿ ಕುಳಿತ. ಲಕ್ಷ್ಮಿಬಾಯಿಯ ಕಣ್ಣಲ್ಲಿ ನೀರಾಡಿತು.

"ನೋಡವಾ ಉಜ್ವಲಾ, ನನ್ನ ಮಗಗ ಖರೇನ ಬುದ್ಧಿ ಬಂತು."

"ಬಂತ್ರಿ ಆಯಿ," ಎಂದಳು ಉಜ್ವಲಾ ತನ್ನ ಚಾಪೆಯ ಸುರುಳಿ ಬಿಚ್ಚುತ್ತ. "ಭಾಳ ಚಲೋ ಆತು. ಆದ್ರ ಇವರೂ ಕುಂತ್ರಂದ್ರ, ಅಡ್ಡಾಡಾವ್ರ ಯಾರ್ರಿ?"

ಪದ್ಮಾಸನದಲ್ಲಿದ್ದ ಅಭಿನಂದನ ಕಣ್ಣು ತೆರೆದ. ಮೂವತ್ತೊಂದನೆಯ ಪುಟದ, ಅಲುಗದವರನ್ನೂ ಗುರುತಿಸುವ ಸೆಟ್ಟಿಂಗನ್ನು ಬೆಳಿಗ್ಗೆ ಕೆಲ ನಿಮಿಷ ಬದಲಿಸಬಹುದಾಗಿತ್ತು; ಅವನೇ ಗುಂಡಿ ಒತ್ತಿ ಅದಕ್ಕೆ ಮತ್ತೆಂಟು ದಿವಸ ಒಪ್ಪಂದದ ಬೀಗ ಹಾಕಿದ್ದ. ಮಾವನತ್ತ ನೋಡಿದ. ಬಾಪುಸಾಹೇಬರು ಅವನ ನೋಟ ತಲುಪುವ ಮೊದಲೇ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳತೊಡಗಿದ್ದರು.

ಗೋಡೆಯ ಗಡಿಯಾರ ಎರಡೂವರೆ ಬಡಿಯಿತು. ಅವನು ಎದ್ದು ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿ, ಧೋತರ ಮೇಲೆ ಕಟ್ಟಿ, ಹೆಗಲಿಗೆ ಟವೆಲ್ಲು ಹಾಕಿಕೊಂಡ. ಮೊದಲ ಒಂಬತ್ತು ಹೆಜ್ಜೆ ಮುಗಿಸಿ ತಿರುಗುವಷ್ಟರಲ್ಲಿ, ಕಣ್ಣು ಮುಚ್ಚಿಕೊಳ್ಳಲಿದ್ದ ಲಕ್ಷ್ಮಿಬಾಯಿ ಕೈಯೆತ್ತಿ ಅವನನ್ನು ತಡೆದರು.

"ಅಭಿ, ಜರಾ ದೂರಿಂದ ಅಡ್ಡಾಡಪಾ. ನಿನ್ನ ಗಾಳಿಗೆ ನನಗ ಥಂಡಿ ಆಗಾಕತ್ತೈತಿ."